ಸಣ್ಣತಾಯಮ್ಮನವರ ಹಡಗು ಮತ್ತು ಬಸ್ಸು

ಗ್ರಂಥಾಲಯದೊಳಗೆ ಗಟ್ಟಿಯಾಗಿ ಓದುವ ಗ್ರಂಥಪಾಲಕರನ್ನು ನನ್ನ ನೌಕರಿಯ ಅವಧಿಯಲ್ಲಿ ಕಂಡದ್ದು ಒಬ್ಬರನ್ನೇ: ಹೊಳೆನರಸೀಪುರದ ಸಣ್ಣತಾಯಮ್ಮನವರನ್ನು. ಸಣ್ಣ ಎಂಬುದು ಹೆಸರಿಗೆ ಮಾತ್ರ. ಬಾಗಿಲಲ್ಲಿ ನಿಂತರೆ ಬೆಳಕು ತಡೆಯುವಷ್ಟು ದೊಡ್ಡ ಆಳು. ಬಾಯಿ ತೆರೆದರೆ ರಸ್ತೆಯಾಚೆಯ ಪಂಚರ್ ಅಂಗಡಿಯವನು ತಿರುಗಿ ನೋಡುವಂಥ ದನಿ. ಚನ್ನರಾಯಪಟ್ಟಣದ ಗ್ರಂಥಾಲಯದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ನಾನು ಯಾವುದೋ ಪುಸ್ತಕದ ಕಟ್ಟು ತರಲು ಮೊದಲ ಸಲ ಅಲ್ಲಿಗೆ ಹೋದಾಗ, 'ನಿಶ್ಶಬ್ದವಾಗಿರಿ' ಎಂಬ ಬೋರ್ಡಿನ ಕೆಳಗೇ ಕುರ್ಚಿ ಹಾಕಿಕೊಂಡು ನಾಲ್ಕಾರು ಮುದುಕರಿಗೆ ಪೇಪರ್ ಓದಿ ಹೇಳುತ್ತಿದ್ದರು. ಒಬ್ಬರಿಗೆ ಕಣ್ಣಿನ ಪೊರೆ, ಇನ್ನಿಬ್ಬರಿಗೆ ಅಕ್ಷರವೇ ಬಾರದು, ಉಳಿದವರಿಗೆ ಓದಲು ಬರುತ್ತಿದ್ದರೂ ಇವರ ಬಾಯಲ್ಲಿ ಕೇಳುವ ಚಪಲ.

"ಮೇಡಂ, ಬೋರ್ಡು..." ಎಂದೆ ನಾನು, ಮೇಲಕ್ಕೆ ಬೆರಳು ತೋರಿಸಿ.

"ಆ ಬೋರ್ಡು ಓದಾಕೆ ಬರೋರ್ಗೆ ಕಣಪ್ಪ," ಎಂದರು ಪೇಪರಿನಿಂದ ತಲೆಯೆತ್ತದೆ. "ಸದ್ದು ಬ್ಯಾಡ ಅನ್ನೋರು ಒಳಗಿನ ರೂಮಿಗೆ ಓಗ್ಲಿ. ಅಲ್ಲಿ ಫ್ಯಾನೂ ಐತೆ."

ಅವರು ಅರಕಲಗೂಡಿನ ಕಡೆಯ ಒಂದು ಸಣ್ಣ ಹಳ್ಳಿಯವರು. ಕೂಲಿ ಮಾಡಿಕೊಂಡಿದ್ದ ಮನೆಯಿಂದ ಓದಿ ಬಂದು ಗ್ರಂಥಾಲಯ ವಿಜ್ಞಾನದ ಪದವಿ ಪಡೆದವರು. ಗಂಡ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಮನೆಯ ಹಜಾರದಲ್ಲಿ ಬುದ್ಧನ ಫೋಟೊ, ಅಡುಗೆಮನೆಯ ಗೂಡಿನಲ್ಲಿ ಅತ್ತೆಯ ಕಾಲದ ಮಾರಮ್ಮ, ಇಬ್ಬರೂ ಜಗಳವಿಲ್ಲದೆ ಇದ್ದರು. ಪುಸ್ತಕ ವಾಪಸು ತಂದವರನ್ನು ಸುಮ್ಮನೆ ಬಿಡುತ್ತಿರಲಿಲ್ಲ. "ಏನೈತೆ ಇದ್ರಲ್ಲಿ, ಎರಡು ಮಾತು ಏಳ್ಬುಟ್ಟು ಓಗು" ಎಂದು ತಡೆದು ನಿಲ್ಲಿಸುತ್ತಿದ್ದರು. ಪುಸ್ತಕ ತರದೆ ಉಳಿದವರ ಮನೆಗೆ ತಾವೇ ನಡೆದು ಹೋಗುತ್ತಿದ್ದರು. ಹೋದವರು ಬಾಗಿಲಲ್ಲಿ ನಿಲ್ಲುವವರಲ್ಲ. ಸೀದಾ ಅಡುಗೆಮನೆಗೆ ಹೋಗಿ ಕೂತು, ಅವರೆಕಾಯಿ ಸುಲಿಯುತ್ತಾ, ಮನೆಯವರ ಕಷ್ಟಸುಖ ಕೇಳಿ, ಹೊರಡುವಾಗ ಪುಸ್ತಕ ಈಸಿಕೊಂಡು ಬರುತ್ತಿದ್ದರು. ಕೆಲವೊಮ್ಮೆ ಪುಸ್ತಕವನ್ನೇ ಮರೆತು ಬರುತ್ತಿದ್ದರು.

ಇಂಥವರು ಸ್ಕಾಟ್ಲೆಂಡಿಗೆ ಹೋಗುತ್ತಾರೆಂದು ಯಾರೂ ಎಣಿಸಿರಲಿಲ್ಲ. ಒಂದು ವರ್ಷ ನಮ್ಮ ಕಡೆಯ ಇಬ್ಬರು ಗ್ರಂಥಪಾಲಕರನ್ನು ಮೂರು ತಿಂಗಳ ಮಟ್ಟಿಗೆ ಅಲ್ಲಿಯ ಗ್ರಂಥಾಲಯವೊಂದಕ್ಕೆ ಕಳಿಸುವುದು, ಅಲ್ಲಿನವರು ಇಲ್ಲಿಗೆ ಬಂದು ಕೆಲಸ ಮಾಡುವುದು ಎಂಬ ವಿನಿಮಯದ ಯೋಜನೆ ಬಂತು. ಹಾಸನದಲ್ಲಿ ಸಂದರ್ಶನ. ನಾನು ಕಂಪ್ಯೂಟರೀಕರಣ, ಡಿಜಿಟಲ್ ಸೇವೆ ಎಂದೆಲ್ಲ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ನೀವು ಯಾಕೆ ಹೋಗಬೇಕು ಎಂದು ಅವರನ್ನು ಕೇಳಿದಾಗ, "ಬೀಗ ಇಲ್ದಿರೋ ಲೈಬ್ರರಿ ಅವೆಯಂತೆ ಸಾ, ಕಣ್ಣಾರೆ ನೋಡ್ಬೇಕು" ಎಂದರಂತೆ. ಇಬ್ಬರೂ ಆಯ್ಕೆಯಾದೆವು. ವಿಮಾನದಲ್ಲಿ ಅವರು ಪಕ್ಕದಲ್ಲಿದ್ದ ಅಪರಿಚಿತ ಹೆಂಗಸಿನ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಇದ್ದರು. ನಾನು ಅವರನ್ನು ಅಕ್ಕ ಎಂದು ಕರೆಯಲು ಶುರು ಮಾಡಿದ್ದು ಅಲ್ಲಿಂದ.

ನಾವು ಹೋದದ್ದು ಸ್ಕಾಟ್ಲೆಂಡಿನ ಉತ್ತರ ತುದಿಯ ಒಂದು ಮೀನುಗಾರರ ಊರಿಗೆ. ಸಮುದ್ರದ ಗಾಳಿ ಮನುಷ್ಯರನ್ನು ಓರೆಯಾಗಿ ನಡೆಸುವ ಊರು. ಅಲ್ಲಿಯ ಗ್ರಂಥಾಲಯದ ಸಿಬ್ಬಂದಿ ಮನೆಗೆ ಹೋದ ಮೇಲೂ, ರಜೆಯ ದಿನವೂ, ಸದಸ್ಯರು ತಮ್ಮ ಕಾರ್ಡು ತೋರಿಸಿ ಬಾಗಿಲು ತೆರೆದುಕೊಂಡು ಒಳಗೆ ಹೋಗಬಹುದಿತ್ತು. ನಮಗೂ ಒಂದೊಂದು ಕಾರ್ಡು ಕೊಟ್ಟಿದ್ದರು. ಮೊದಲ ಭಾನುವಾರ ಅಕ್ಕ ನನ್ನನ್ನು ಎಳೆದುಕೊಂಡು ಹೋದರು.

"ಒಳಗೆ ಯಾರೂ ಇಲ್ವಾ?"

"ಇಲ್ಲ ಅಕ್ಕ, ರಜೆ."

"ಯಾಕೆ ಬಂದೆ ಅಂತ ಯಾರೂ ಕೇಳಾಕಿಲ್ವಾ?"

"ಕೇಳಲ್ಲ."

ಕಾರ್ಡು ಹಿಡಿದರು. ಗಾಜಿನ ಬಾಗಿಲು ತಾನೇ ಸರಿಯಿತು. ಅವರು ಒಳಗೆ ಹೋಗಲಿಲ್ಲ. ಬಾಗಿಲು ಮುಚ್ಚಿಕೊಂಡಿತು. ಮತ್ತೆ ಹಿಡಿದರು, ಮತ್ತೆ ತೆರೆಯಿತು, ಮತ್ತೆ ನಿಂತೇ ಇದ್ದರು. ಹೊಸ ಯಂತ್ರ ಕಂಡು ಆಡುತ್ತಿದ್ದಾರೆ ಎಂದುಕೊಂಡು ನಾನು ನಕ್ಕೆ. ಅವರ ಮುಖ ನೋಡಿದ ಮೇಲೆ ನಗು ನಿಂತಿತು. ಚಳಿ ಗಾಳಿಯಲ್ಲಿ ಸೀರೆಯ ಮೇಲೆ ಗಂಡಸರ ಮಳೆಕೋಟು ತೊಟ್ಟ ಆ ದೊಡ್ಡ ಜೀವ ತುಟಿ ಕಚ್ಚಿಕೊಂಡು ನಿಂತಿತ್ತು.

ಅಲ್ಲಿ ನಮಗೆ ಕೆಲಸ ಕಲಿಸಿದವಳು ಫಿಯೋನಾ. ಕೆಂಪು ಕೂದಲಿನ, ಅಳತೆಯ ಮಾತಿನ ಹೆಂಗಸು. ಪುಸ್ತಕದ ವ್ಯಾನಿಗೆ ಅವಳೇ ಡ್ರೈವರ್, ಅವಳೇ ಗ್ರಂಥಪಾಲಕಿ. ಸಮುದ್ರದ ನಡುವೆ ಇರುವ ದ್ವೀಪಗಳಿಗೆ ಆ ವ್ಯಾನು ಹದಿನೈದು ದಿನಕ್ಕೊಮ್ಮೆ ಹೋಗುತ್ತಿತ್ತು. ಹೋಗುವುದು ಹೇಗೆಂದರೆ, ವ್ಯಾನಿಗೆ ವ್ಯಾನೇ ಹಡಗು ಹತ್ತುತ್ತಿತ್ತು. ಹಡಗಿನ ಬಾಯಿ ತೆರೆದು ಲಾರಿ, ಕಾರು, ಕುರಿ ತುಂಬಿದ ಗಾಡಿಗಳ ಜೊತೆ ನಮ್ಮ ಪುಸ್ತಕಗಳೂ ಒಳಗೆ ನುಗ್ಗಿದಾಗ ಅಕ್ಕ ನನ್ನ ರಟ್ಟೆ ಹಿಡಿದುಕೊಂಡರು. "ಪ್ರಕಾಸ, ನೋಡ್ಲಾ! ಆ ದ್ವೀಪದಲ್ಲಿ ಎಷ್ಟು ಮನೆ ಅವೆ ಅಂತ ಕೇಳ್ದೆ. ನಮ್ಮ ಕೇರಿಯಷ್ಟೂ ಇಲ್ವಂತೆ. ಅಷ್ಟು ಜನಕ್ಕೆ ಓದಾಕೆ ಅಂತ ಹಡಗು ಓಗ್ತದಲ್ಲೋ!" ಅಲೆಗಳ ಹೊಯ್ದಾಟಕ್ಕೆ ನಾನು ಒಳಗಿನ ಬೆಂಚಿನ ಮೇಲೆ ಕಣ್ಣು ಮುಚ್ಚಿ ಮಲಗಿಬಿಟ್ಟೆ. ಅವರು ಮಾತ್ರ ಕಂಬಿ ಹಿಡಿದು ನಿಂತು, ಮುಖದ ಮೇಲೆ ನೀರೆರಚಿಸಿಕೊಂಡು, ಕೊನೆಯವರೆಗೂ ಕಣ್ಣು ಬಿಟ್ಟುಕೊಂಡೇ ನೋಡಿದರು.

ದ್ವೀಪದ ಕೊನೆಯ ಮನೆ ಒಬ್ಬ ಮುದುಕಿಯದು. ಗಂಡ ತೀರಿಕೊಂಡ ಮೇಲೆ ಆಕೆ ವ್ಯಾನಿನ ಹತ್ತಿರ ಬರುವುದನ್ನು ಬಿಟ್ಟಿದ್ದಳು. ಬಾಗಿಲಲ್ಲಿ ಇಟ್ಟು ಹೋಗಿ ಎಂದಿದ್ದಳಂತೆ. ಫಿಯೋನಾ ಪ್ರತಿಸಲ ಒಂದು ಚೀಲ ಪುಸ್ತಕ ಹೊಸ್ತಿಲಲ್ಲಿಟ್ಟು, ಸದ್ದು ಮಾಡದೆ ವಾಪಸಾಗುತ್ತಿದ್ದಳು. ಅವತ್ತು ಹೋದಾಗ ಹಿಂದಿನ ಸಲದ ಚೀಲ ಮಳೆಯಲ್ಲಿ ನೆನೆದು ಹೊಸ್ತಿಲಲ್ಲೇ ಕೂತಿತ್ತು. ಚಿಮಣಿಯಲ್ಲಿ ಹೊಗೆ ಆಡುತ್ತಿತ್ತು. ಫಿಯೋನಾ ಒದ್ದೆ ಚೀಲ ಎತ್ತಿಕೊಂಡು ಹೊಸದನ್ನು ಇಡುವಷ್ಟರಲ್ಲಿ ಅಕ್ಕ ಬಾಗಿಲು ಬಡಿದೇಬಿಟ್ಟರು. ನಾನು "ಅಕ್ಕಾ, ಬೇಡ" ಎನ್ನುತ್ತಿದ್ದ ಹಾಗೆ ಬಾಗಿಲು ತೆರೆಯಿತು. ಒಣಗಿದ ಕಡ್ಡಿಯಂಥ ಹೆಂಗಸೊಬ್ಬಳು ಈ ಸೀರೆಯನ್ನೂ ಮಳೆಕೋಟನ್ನೂ ಚಪ್ಪಲಿ ಮೆಟ್ಟಿದ ಬರಿಗಾಲನ್ನೂ ಮೇಲಿಂದ ಕೆಳಗೆ ನೋಡಿದಳು. ಅಕ್ಕ ತಮ್ಮ ಇಂಗ್ಲಿಷಿನಲ್ಲಿ, ನಾನು ಇಂಡಿಯಾದಿಂದ ಬಂದಿದ್ದೇನೆ, ತುಂಬಾ ಚಳಿ, ಒಲೆಯ ಹತ್ತಿರ ಸ್ವಲ್ಪ ಕೂರಲೇ, ಎಂದರು. ಆಕೆ ಪಕ್ಕಕ್ಕೆ ಸರಿದಳು. ಬಾಗಿಲು ಮುಚ್ಚಿತು.

ಫಿಯೋನಾಳ ಮುಖ ಬಿಳಿಚಿಕೊಂಡಿತು. ನಾವಿಬ್ಬರೂ ವ್ಯಾನಿನಲ್ಲಿ ಕೂತೆವು. ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಕಿಟಕಿಯಿಂದ ಅಕ್ಕನ ದನಿ ಕೇಳಿಸಿತು. ಪುಸ್ತಕ ಓದುತ್ತಿದ್ದರು. ಇಂಗ್ಲಿಷ್ ಪದಗಳೇ, ಆದರೆ ರಾಗ ಪೂರಾ ಅರಕಲಗೂಡಿನದು. ಅದರ ನಡುವೆ ಇನ್ನೊಂದು ತೆಳು ದನಿ ಚುಚ್ಚಿದ ಹಾಗೆ ಬಂತು: "ಹಾಗಲ್ಲ." ಅಕ್ಕ ಮತ್ತೆ ಓದಿದರು. "ಹಾಗಲ್ಲ, ಹಾಗಲ್ಲ." ಆಮೇಲೆ ಕುರ್ಚಿ ಎಳೆದ ಸದ್ದು. ಮತ್ತೆ ಓದು ಶುರುವಾದಾಗ ಓದುತ್ತಿದ್ದದ್ದು ಆ ತೆಳು ದನಿ. ಮೊದಲು ತೊದಲುತ್ತಾ, ಬರಬರುತ್ತಾ ಒಂದು ಹದಕ್ಕೆ ಬಂದು. ನಾನು ಫಿಯೋನಾಳ ಕಡೆ ನೋಡಿದೆ. ಆಕೆ ಸ್ಟೀರಿಂಗ್ ಹಿಡಿದುಕೊಂಡು ಕಣ್ಣು ಮುಚ್ಚಿದ್ದಳು. ಹಡಗಿಗೆ ಹೊತ್ತಾಗುವ ತನಕ ನಾವು ಅಲುಗಾಡಲಿಲ್ಲ.

ವಾಪಸು ಬರುವಾಗ ಕೇಳಿದೆ: "ಅಕ್ಕ, ಬೇಕು ಅಂತ ತಪ್ಪು ಓದಿದ್ರಾ?"

"ನಂಗೆ ಬರಾದೇ ಅಷ್ಟು ಕಣಪ್ಪ. ಗಂಡನೇ ದಿನಾ ಓದಿ ಏಳ್ತಿದ್ನಂತೆ ಆಯಮ್ಮಂಗೆ. ಅವ್ನು ಸತ್ಮೇಲೆ ಪುಸ್ತಕ ಮುಟ್ಟಾಕೆ ಮನ್ಸಾಗಿಲ್ಲ. ನಂಗೆ ತಪ್ಪಾಯ್ತದೆ ಅಂತ ನಾಚ್ಕೊಂಡು ಕೂತಿದ್ರೆ ಆಯಮ್ಮ ಬಾಯಿ ಬುಡ್ತಿದ್ಲಾ?"

ಮಾರನೆಯ ದಿನ ಫಿಯೋನಾ ನಮ್ಮನ್ನು ಕೂರಿಸಿಕೊಂಡು ಮೆಲ್ಲಗೆ, ಆದರೆ ಖಂಡಿತವಾಗಿ ಹೇಳಿದಳು. ನಿನ್ನೆ ಒಳ್ಳೆಯದಾಯಿತು ನಿಜ. ಆದರೆ ಬಾಗಿಲು ಮುಚ್ಚಿಟ್ಟುಕೊಳ್ಳುವುದೂ ಆಕೆಯ ಹಕ್ಕು. ಆಕೆ ಹೆದರಿದ್ದರೆ? ಇನ್ನೊಮ್ಮೆ ಹೀಗೆ ಮಾಡಬೇಡಿ. ನಾನು ಅಕ್ಕ ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ಪೂರ್ತಿ ಕೇಳಿಸಿಕೊಂಡು ತಲೆಯಾಡಿಸಿದರು. ಹೊರಗೆ ಬಂದು, "ಅವ್ಳು ಅನ್ನಾದೂ ಸರಿ ಐತೆ. ನಮ್ಮೂರಲ್ಲಿ ನಾನು ಯಾರ ಮನೆಗೆ ನುಗ್ಗಿದ್ರೂ ಯಾರೂ ಇಂಗೆ ಏಳ್ಕೊಟ್ಟಿರ್ನಿಲ್ಲ," ಎಂದರು. ಮುಂದಿನ ಸಲ ಅವರು ಬಾಗಿಲು ಬಡಿಯಲಿಲ್ಲ. ಹೊಸ್ತಿಲಲ್ಲಿ ಚೀಲ ಇರಲಿಲ್ಲ. ಅದರ ಜಾಗದಲ್ಲಿ ಓದಿ ಮುಗಿಸಿದ ಪುಸ್ತಕಗಳು, ಅವುಗಳ ಮೇಲೆ ದಪ್ಪ ಉಣ್ಣೆಯ ಒಂದು ಜೊತೆ ಕಾಲುಚೀಲ ಇದ್ದವು. ಅಕ್ಕನ ದೊಡ್ಡ ಪಾದಕ್ಕೆ ಸರಿಯಾದ ಅಳತೆಯವು. ಅಕ್ಕ ಅಲ್ಲೇ ಕಲ್ಲಿನ ಮೇಲೆ ಕೂತು, ಅವನ್ನು ಹಾಕಿಕೊಂಡು, ಮುಚ್ಚಿದ ಬಾಗಿಲ ಕಡೆ ಕೈ ಮುಗಿದು ಬಂದರು.

ಊರಿಗೆ ಬಂದ ಮೇಲೆ ಹಾಸನದ ಸಭೆಯಲ್ಲಿ ನಾನು ಫೋಟೊಗಳನ್ನು ಪರದೆಯ ಮೇಲೆ ತೋರಿಸಿ ಚಪ್ಪಾಳೆ ಗಿಟ್ಟಿಸಿಕೊಂಡೆ. ಅಕ್ಕನ ಸರದಿ ಬಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ಪುಸ್ತಕ ಹಡಗು ಅತ್ತತದೆ. ನಮ್ಮಲ್ಲಿ ಬಸ್ ಅತ್ತಾಕೆ ಏನು ಅಡ್ಡಿ ಸಾ?" ಸಭೆ ನಕ್ಕಿತು. ಅವರು ನಗಲಿಲ್ಲ.

ಹೊಳೆನರಸೀಪುರದಿಂದ ಹಾಸನದ ಗಾರ್ಮೆಂಟ್ಸ್ ಕಾರ್ಖಾನೆಗೆ ಬೆಳಿಗ್ಗೆ ಹೆಂಗಸರನ್ನು ತುಂಬಿಕೊಂಡು ಹೋಗುವ ಬಸ್ಸುಗಳಿವೆ. ಅವರಲ್ಲಿ ಯಾರಿಗೂ ಗ್ರಂಥಾಲಯ ತೆರೆದಿರುವ ಹೊತ್ತಿನಲ್ಲಿ ಊರಲ್ಲಿ ಇರುವ ಯೋಗವಿಲ್ಲ. ಅಕ್ಕ ಅವರ ಮನೆಗಳಿಗೆ ಹೋಗಿ, ಈ ಸಲ ಬಾಗಿಲಲ್ಲೇ ನಿಂತು ಕೇಳಿ, ಒಬ್ಬೊಬ್ಬರನ್ನೇ ಸದಸ್ಯರನ್ನಾಗಿ ಮಾಡಿದರು. ಆಮೇಲೆ ಡ್ರೈವರ್ ಮಂಜಣ್ಣನನ್ನು ಒಪ್ಪಿಸಿ, ಪುಸ್ತಕದ ಚೀಲ ಹೊತ್ತು ತಾವೂ ಬಸ್ಸು ಹತ್ತಿದರು. ಹಾಸನದವರೆಗೆ ಅವರ ಜೊತೆ ಹೋಗಿ, ಇನ್ನೊಂದು ಬಸ್ಸು ಹಿಡಿದು, ಗ್ರಂಥಾಲಯದ ಬಾಗಿಲು ತೆರೆಯುವ ಹೊತ್ತಿಗೆ ಊರಿಗೆ ವಾಪಸು. ಸರ್ಕಾರಿ ಪುಸ್ತಕ ಬಸ್ಸಿನಲ್ಲಿ ಯಾಕೆ ಎಂದು ಮೇಲಿನ ಸಾಹೇಬರೊಬ್ಬರು ಗದರಿದಾಗ, "ಮನೇಲೇ ಕೂತು ಓದ್ಬೇಕು ಅಂತ ರೂಲ್ಸಲ್ಲಿ ಎಲ್ಲೈತೆ ತೋರ್ಸಿ ಸಾ" ಎಂದರಂತೆ.

ಆದರೆ ಅವರನ್ನು ಸೋಲಿಸಿದ್ದು ಸಾಹೇಬರಲ್ಲ, ನಿದ್ದೆ. ಕೋಳಿ ಕೂಗುವ ಮೊದಲೇ ಎದ್ದು ಮುದ್ದೆ ಬೇಯಿಸಿ, ಮಕ್ಕಳಿಗೆ ಡಬ್ಬಿ ಕಟ್ಟಿ ಓಡಿ ಬಂದ ಹೆಂಗಸರಿಗೆ ಆ ಬಸ್ಸಿನ ಒಂದು ಗಂಟೆಯೇ ಇಡೀ ದಿನದ ಬಿಡುವು. ಇವರು ಪುಸ್ತಕ ತೆರೆದು ದನಿಯೆತ್ತಿದರೆ, "ಅಕ್ಕೋ, ನಿಮ್ ಕಾಲಿಗೆ ಬೀಳ್ತೀವಿ, ಒಸಿ ಮಲಗಾಕೆ ಬುಡಿ" ಎನ್ನುತ್ತಿದ್ದರು. ಅಕ್ಕ ಪುಸ್ತಕ ಮುಚ್ಚಿಬಿಟ್ಟರು. ಆದರೂ ಬಸ್ಸಿಗೆ ಹೋಗುವುದನ್ನು ಬಿಡಲಿಲ್ಲ. "ಮತ್ಯಾಕೆ ಹೋಗ್ತೀರಾ?" ಎಂದು ಫೋನಿನಲ್ಲಿ ಕೇಳಿದರೆ, "ಅವ್ರು ಮಲಗಿದ್ರೆ ತಲೆ ಕಿಟಕಿಗೆ ಬಡೀತದೆ ಕಣೋ. ನನ್ ಭುಜ ಐತಲ್ಲ," ಎಂದರು.

ನನ್ನ ಅತ್ತೆಯ ಮನೆ ಹೊಳೆನರಸೀಪುರವೇ. ಒಮ್ಮೆ ಅಲ್ಲಿಗೆ ಹೋಗಿದ್ದವನು ಹಾಸನದಲ್ಲಿ ಕೆಲಸವಿದ್ದುದರಿಂದ ಬೆಳಿಗ್ಗೆ ಅಕ್ಕನ ಜೊತೆ ಅದೇ ಬಸ್ಸು ಹತ್ತಿದೆ. ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ರೈಲು ಬಂದು ಹೋದ ಮೇಲೂ ಗೇಟು ಏಳಲಿಲ್ಲ, ಏನೋ ಕೆಟ್ಟಿತ್ತು. ಹಿಂದೆ ಮುಂದೆ ವಾಹನಗಳು. ನಿದ್ದೆಯಲ್ಲಿದ್ದವರೆಲ್ಲ ಒಬ್ಬೊಬ್ಬರೇ ಎಚ್ಚರಾದರು. ಹೊತ್ತಾದರೆ ಸೂಪರ್‌ವೈಸರ್ ಎಲ್ಲರ ಮುಂದೆ ನಿಲ್ಲಿಸಿ ಬಯ್ಯುತ್ತಾನೆಂಬ ದಿಗಿಲು ಬಸ್ಸಿನ ತುಂಬಾ ಹರಡಿತು. ಒಬ್ಬಳು ಅಳಲೇ ಶುರು ಮಾಡಿದಳು. ಆಗ ಅಕ್ಕ ಎದ್ದು ನಿಂತರು. ಕೈಯಲ್ಲಿ ಪುಸ್ತಕವಿರಲಿಲ್ಲ.

"ನಮ್ಮಪ್ಪ ಪೇಪರ್ ಓದ್ತಿದ್ದ ಕತೆ ಏಳ್ತೀನಿ ಕೇಳಿ. ನಮ್ಮೂರ ಮ್ಯಾಗಲ ಬೀದೀಲಿ ಓದೋ ಮನೆ ಇತ್ತು. ನಮ್ಮೋರು ಒಳಕ್ಕೆ ಓಗ್ತಿರ್ನಿಲ್ಲ. ಬರಬ್ಯಾಡಿ ಅಂತ ಯಾರೂ ಅಂದಿರ್ನಿಲ್ಲ, ಬನ್ನಿ ಅಂತ್ಲೂ ಅಂದಿರ್ನಿಲ್ಲ. ನಮ್ಮಪ್ಪ ಕೂಲಿ ಮುಗಿಸ್ಕೊಂಡು ಓಗಿ ಕಿಟಕೀಲಿ ನಿಂತ್ಕೊಳೋನು. ಒಳಗೆ ಯಾರೋ ಪೇಪರ್ ಅಗಲಿಸ್ಕೊಂಡು ಕೂತಿರೋರು. ಅವ್ರ ಭುಜದ ಮ್ಯಾಗಿಂದ ಇವ್ನು ಓದೋನು. ಇವ್ನು ಮುಗಿಸೋದ್ರೊಳಗೆ ಅವ್ರು ಆಳೆ ಮಗುಚ್ಬುಡೋರು. ಅದ್ಕೇ ನಮ್ಮಪ್ಪ ಮನೆಗೆ ತರ್ತಿದ್ದ ಸುದ್ದಿಯೆಲ್ಲಾ ಅರ್ಧ. ಉಳಿದರ್ಧ ರಾತ್ರಿ ಉಣ್ಣೋವಾಗ ಅವ್ನೂ ನಾನೂ ಸೇರಿ ಕಟ್ಕೊಳೋವು."

ಮೂರು ತಿಂಗಳು ಒಂದೇ ಸೂರಿನಡಿ ಇದ್ದರೂ ಅವರು ಇದನ್ನು ನನಗೆ ಹೇಳಿರಲಿಲ್ಲ. ಆ ಗಾಜಿನ ಬಾಗಿಲ ಮುಂದೆ ತುಟಿ ಕಚ್ಚಿಕೊಂಡು ನಿಂತಿದ್ದವರು ಯಾರ ಮಗಳು ಎಂಬುದು ನನಗೆ ಗೊತ್ತಾದದ್ದು ಆ ಬಸ್ಸಿನಲ್ಲಿ. ಕಂಬಿ ಹಿಡಿದುಕೊಂಡು ತಲೆ ತಗ್ಗಿಸಿದೆ.

"ಒಂದಿನ ಏನಾಯ್ತು," ಅಕ್ಕ ಮುಂದುವರಿಸಿದರು, "ಪೇಪರಲ್ಲಿ ಒಂದು ಮದ್ವೆ ಸುದ್ದಿ. ತಾಳಿ ಕಟ್ಟೋ ಒತ್ತಿಗೆ ಎಣ್ಣು ಎದ್ಬುಟ್ಲಂತೆ. ನಂಗೆ ಈ ಮದ್ವೆ ಬ್ಯಾಡ ಅಂದ್ಲಂತೆ. ಆರ ಕಿತ್ತು ಮಣೆ ಮ್ಯಾಲಿಟ್ಟು, ಬಾಸಿಂಗ ಕಟ್ಕೊಂಡೇ ಸೀದಾ ಬಸ್‌ಸ್ಟ್ಯಾಂಡಿಗೆ ನಡೆದ್ಲಂತೆ. ಅಲ್ಲಿ ಓಗಿ—" ಅಕ್ಕ ನಿಲ್ಲಿಸಿದರು. "ಆಳೆ ಮಗುಚ್ಬುಟ್ರು."

"ಆಮೇಲೆ?" ಎಂದಿತು ಇಡೀ ಬಸ್ಸು.

"ನಂಗೇನು ಗೊತ್ತು? ನೀವೇ ಏಳಿ."

ಬಸ್ಸಿನಲ್ಲಿ ಗದ್ದಲವೆದ್ದಿತು. ಅವಳಿಗೆ ಬೇರೆ ಯಾರೋ ಮನಸ್ಸಲ್ಲಿದ್ದ ಎಂದಳು ಒಬ್ಬಳು. ಇಲ್ಲ, ಅವಳಿಗೆ ಓದಬೇಕಿತ್ತು ಎಂದಳು ಇನ್ನೊಬ್ಬಳು. ಅಣ್ಣಂದಿರು ಬಂದು ಎಳೆದುಕೊಂಡು ಹೋದರು ಎಂದರು ಹಿಂದಿನ ಸೀಟಿನವರು. ಮಂಜಣ್ಣ ಕೂಡ ತಿರುಗಿ, ಡ್ರೈವರ್ ಒಳ್ಳೆಯವನಾಗಿದ್ದರೆ ಟಿಕೆಟ್ ಇಲ್ಲದೆ ಕರೆದುಕೊಂಡು ಹೋಗಿರುತ್ತಾನೆ ಎಂದ. ಎಲ್ಲರೂ ನಕ್ಕರು. ಕಿಟಕಿಗೆ ತಲೆಯಾನಿಸಿ ಕೂತಿದ್ದ ಸವಿತ ಎಂಬ ಹುಡುಗಿ ಮಾತ್ರ ನಗಲಿಲ್ಲ. ಮದುವೆಯಾಗಿ ಒಂದು ವರ್ಷದೊಳಗೆ ತವರಿಗೆ ವಾಪಸು ಬಂದವಳು, ಬಸ್ಸಿನಲ್ಲಿ ಯಾರ ಜೊತೆಯೂ ಮಾತಾಡದವಳು ಎಂದು ಅಕ್ಕ ಹೇಳಿದ್ದರು.

"ಅವ್ಳು ಬಸ್ ಅತ್ನಿಲ್ಲ," ಎಂದಳು ಸವಿತ, ಹೊರಗೆ ನೋಡುತ್ತಲೇ. "ಎಲ್ಲಿಗೆ ಓಗ್ಬೇಕು ಅಂತ ಗೊತ್ತಿರ್ನಿಲ್ಲ. ಬೆಂಚಿನ ಮ್ಯಾಲೆ ಕೂತಿದ್ಲು. ಯಾರಾನಾ ಬಂದು ಬಾ ಅಂತ ಕರೀತಾರಾ ಅಂತ ಕಾಯ್ತಾ ಇದ್ಲು."

ಗೇಟು ಎದ್ದಿತು, ಮಂಜಣ್ಣ ಗೇರು ಹಾಕಿದ. ಅಕ್ಕ ಹಿಡಿದಿದ್ದ ಕಂಬಿ ಬಿಟ್ಟರು. ನಡೆದು ಹೋಗಿ ಸವಿತಳ ಪಕ್ಕ ಕೂತರು. ಅಷ್ಟೇ. ಕಾರ್ಖಾನೆ ಬರುವಷ್ಟರಲ್ಲಿ ಆ ಹುಡುಗಿ ಅವರ ಭುಜಕ್ಕೆ ಒರಗಿ ಮಾತಾಡುತ್ತಿದ್ದಳು, ತಡೆಯಿಲ್ಲದೆ. ನಾನು ಓದಿದ ಪುಸ್ತಕಗಳಲ್ಲಿ ಮನುಷ್ಯರ ಮೇಲೆ ಮಾತು ಮಾಡುವ ಪವಾಡದ ಬಗ್ಗೆ ಎಷ್ಟೋ ಬರೆದಿದ್ದರು. ಕಣ್ಣಾರೆ ಕಂಡದ್ದು ಅವತ್ತು.

ಆಮೇಲೆ ಒಪ್ಪಂದವಾಯಿತು. ಊರು ಬಿಟ್ಟಾಗಿನಿಂದ ಗೇಟಿನ ತನಕ ಓದು, ಗೇಟು ದಾಟಿದ ಮೇಲೆ ನಿದ್ದೆ. ಮೊದಲು ಅಕ್ಕನೇ ಓದಿದರು. ಆಮೇಲೆ ಒಬ್ಬೊಬ್ಬರ ಕೈಗೂ ಪುಸ್ತಕ ದಾಟಿಸಿದರು. ಶಾಲೆ ಬಿಟ್ಟು ಎಷ್ಟೋ ವರ್ಷವಾಗಿದ್ದವರು ಅಕ್ಷರಕ್ಕೆ ಅಕ್ಷರ ಪೋಣಿಸಿಕೊಂಡು ಓದಿದರು. ತಪ್ಪಾದರೆ ಯಾರೂ ನಗುವಂತಿರಲಿಲ್ಲ, ಆದರೆ ಯಾರು ಬೇಕಾದರೂ ತಿದ್ದಬಹುದಿತ್ತು. ವರ್ಷ ಕಳೆಯುವಷ್ಟರಲ್ಲಿ ಆ ಬಸ್ಸಿನವರು ಓದಿ ಮುಗಿಸಿದ ಕಾದಂಬರಿಗಳ ಬಗ್ಗೆ ಅಕ್ಕ ಫೋನಿನಲ್ಲಿ ಹೇಳುವಾಗ ನನಗೇ ಗೊತ್ತಿಲ್ಲದ ಎಷ್ಟೋ ಪುಸ್ತಕಗಳಿರುತ್ತಿದ್ದವು.

ಅಕ್ಕ ಹೋದದ್ದು ಒಂದು ಭಾನುವಾರ ಬೆಳಿಗ್ಗೆ, ಬಟ್ಟೆ ಒಣಗಹಾಕುತ್ತಿದ್ದಾಗ, ಎದೆ ನೋವೆಂದು ಕೂತವರು ಏಳಲಿಲ್ಲ. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಅವರ ಊರಿನ ಹೊಲದಲ್ಲಿ ಎಲ್ಲಾ ಮುಗಿದಿತ್ತು. ರಾತ್ರಿ ಅತ್ತೆಯ ಮನೆಯಲ್ಲಿ ಉಳಿದೆ. ಬಸ್ಸಿನ ಹೆಂಗಸರಿಗೆ ಯಾರು ಹೇಳುತ್ತಾರೆ ಎಂಬ ಯೋಚನೆ ಬಿಡಲಿಲ್ಲ. ಬೆಳಿಗ್ಗೆ ಎದ್ದು, ಹೇಗೆ ಹೇಳಬೇಕು, ಹೇಗೆ ಸಮಾಧಾನ ಮಾಡಬೇಕು ಎಂದು ಮಾತು ಜೋಡಿಸಿಕೊಳ್ಳುತ್ತಾ ಸ್ಟಾಪಿಗೆ ಹೋಗಿ ನಿಂತೆ.

ಅವರಿಗೆಲ್ಲ ಗೊತ್ತಿತ್ತು. ಅರ್ಧ ಜನ ಮಣ್ಣಿಗೂ ಹೋಗಿ ಬಂದಿದ್ದರಂತೆ. ಕಣ್ಣು ಊದಿಸಿಕೊಂಡು ಒಬ್ಬೊಬ್ಬರೇ ಹತ್ತಿದರು. ನಾನೂ ಹತ್ತಿದೆ. ಸವಿತಳ ಪಕ್ಕದ ಸೀಟು ಖಾಲಿ ಇತ್ತು. ಅಲ್ಲಿ ಕೂರಲಾಗದೆ ನಿಂತೇ ಇದ್ದೆ.

"ಕೂತ್ಕಳಿ ಸಾ," ಎಂದಳು ಅವಳು. "ಖಾಲಿ ಬುಟ್ರೆ ಅವ್ರಿಗೆ ಆಗ್ತಿರ್ನಿಲ್ಲ."

ಕೂತೆ. ಬಸ್ಸು ಹೊರಟಿತು. ಸವಿತ ಚೀಲದಿಂದ ಪುಸ್ತಕ ತೆಗೆದಳು. ಶನಿವಾರ ನಿಲ್ಲಿಸಿದ್ದ ಕಡೆ ಬಸ್ ಟಿಕೆಟಿನ ಗುರುತಿತ್ತು. ಗಂಟಲು ಸರಿ ಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಓದಲು ಶುರು ಮಾಡಿದಳು. ಒಂದು ಕಡೆ ಪದ ತಪ್ಪಿತು. ಮುಂದಿನ ಸೀಟಿನಿಂದ ಯಾರೋ ಅಳುತ್ತಲೇ ತಿದ್ದಿದರು. ಗೇಟು ಬಂತು, ದಾಟಿತು. ಅವಳು ನಿಲ್ಲಿಸಲಿಲ್ಲ. ಯಾರೂ ಮಲಗಲೂ ಇಲ್ಲ. ನಾನು ಜೋಡಿಸಿಕೊಂಡು ಬಂದಿದ್ದ ಒಂದು ಮಾತೂ ಬೇಕಾಗಲಿಲ್ಲ.

ಕಾರ್ಖಾನೆಯ ಮುಂದೆ ಬಸ್ಸು ನಿಂತಿತು. ಸವಿತ ಟಿಕೆಟ್ಟನ್ನು ಹೊಸ ಪುಟಕ್ಕೆ ಇಟ್ಟು, "ನಾಳೆ ಜಯಮ್ಮ ಓದ್ಬೇಕು" ಎಂದು ಪುಸ್ತಕವನ್ನು ಹಿಂದಿನವರ ಕೈಗೆ ಕೊಟ್ಟಳು. ಎಲ್ಲರೂ ಸೆರಗು ಸರಿಮಾಡಿಕೊಂಡು ಇಳಿದು ಹೋದರು. ಬಸ್ಸಿನಲ್ಲಿ ನಾನೊಬ್ಬನೇ ಉಳಿದಿದ್ದೆ. ಮಂಜಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿ ಮೆಲ್ಲಗೆ ಕೇಳಿದ:

"ನೀವೆಲ್ಲಿ ಇಳೀತೀರಾ ಸಾ?"

ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತಿದ್ದ ಆ ಮದುಮಗಳ ಹಾಗೆ ನಾನು ಅಕ್ಕನ ಸೀಟಿನಲ್ಲಿ ಕೂತೇ ಇದ್ದೆ.